ಕುಡಿತ ಬಿಡಿಸುವ ಚಿಕಿತ್ಸೆ – ಸಾಲ ಬರೆಯುವ ಮುಂಚೆ ತಿಳಿಯೋಣ



ಕೆಲವು ತಿಂಗಳ ಹಿಂದೆ ನಾವು ಒಂದು ಸಂಘದ ಸಭೆಗೆ ಹೋಗಿದ್ದೆವು. ಹಾಜರಾತಿ, ಉಳಿತಾಯ, ಹಿಂದಿನ ಸಭೆಯ ನಡಾವಳಿ ಎಲ್ಲ ಮುಗಿದು ಸಾಲದ ಬೇಡಿಕೆಗೆ ಬಂದಾಗ ಒಬ್ಬ ತಾಯಿ ಎದ್ದು 20,000 ರೂಪಾಯಿ ಕೇಳಿದರು. ಪ್ರತಿನಿಧಿ ಪುಸ್ತಕ ತೆರೆದು, "ಉದ್ದೇಶ ಏನಂತ ಬರೀಲಿ?" ಅಂದರು. ಆ ತಾಯಿ ತಲೆ ತಗ್ಗಿಸಿ, "ನಮ್ಮ ಯಜಮಾನ್ರನ್ನ ಕುಡಿತ ಬಿಡಿಸೋ ಕಡೆ ಸೇರಿಸ್ಬೇಕು" ಅಂದರು.

ಒಬ್ಬರು ಕೇಳಿದರು, "ಎಲ್ಲಿಗೆ?" ಇನ್ನೊಬ್ಬರು, "ಎಷ್ಟು ದಿನ?" ಮತ್ತೊಬ್ಬರು, "ಅಲ್ಲಿ ಏನು ಮಾಡ್ತಾರೆ, ಇಂಜೆಕ್ಷನ್ ಕೊಡ್ತಾರಾ, ಹೊಡೀತಾರಾ?" ಕೊನೆಗೆ ಹಿರಿಯ ಸದಸ್ಯೆಯೊಬ್ಬರು, "ಬಂದ್ಮೇಲೆ ಮತ್ತೆ ಕುಡಿದ್ರೆ ಸಾಲ ಯಾರು ತೀರಿಸ್ತಾರೆ?" ಅಂದರು. ಆ ತಾಯಿಯ ಬಳಿ ಯಾವುದಕ್ಕೂ ಉತ್ತರ ಇರಲಿಲ್ಲ. ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ್ದ ಜಾಹೀರಾತು ನೋಡಿ ಬರೆದುಕೊಂಡ ಒಂದು ಫೋನ್ ನಂಬರು ಮಾತ್ರ ಇತ್ತು.

ಈ ನಾಲ್ಕೂ ಒಳ್ಳೆಯ ಪ್ರಶ್ನೆಗಳು. ಇವಕ್ಕೆ ಉತ್ತರ ಗೊತ್ತಿಲ್ಲದೆ ಸಾಲ ತೆಗೆದು, ಹಣವೂ ಹೋಗಿ, ಗಂಡನೂ ಮೊದಲಿನಂತೆಯೇ ಇರುವ ಮನೆಗಳನ್ನು ನಾವು ಎಷ್ಟೋ ನೋಡಿದ್ದೇವೆ. ಅದಕ್ಕೇ ಈ ಲೇಖನ.

ನಾವು ಮಾಡಿದ ಒಂದು ತಪ್ಪು

ಮೊದಲು ನಮ್ಮ ತಪ್ಪನ್ನೇ ಹೇಳುತ್ತೇವೆ. ಹಲವು ವರ್ಷಗಳ ಹಿಂದೆ ಎಸ್ಟೇಟಿನ ಲೈನ್ ಮನೆಯ ಒಬ್ಬ ಸದಸ್ಯೆ ನಮ್ಮ ಹತ್ತಿರ ಅಳುತ್ತಾ ಬಂದರು. ಅವರ ಗಂಡ ಬೆಳಿಗ್ಗೆ ಎದ್ದ ಕೂಡಲೇ ಕುಡಿಯುತ್ತಿದ್ದ. ನಾವು ಧೈರ್ಯ ತುಂಬಿ, "ಗಟ್ಟಿ ಮನಸ್ಸು ಮಾಡಮ್ಮಾ, ನಾಲ್ಕು ದಿನ ಮನೆ ಬಿಟ್ಟು ಹೊರಗೆ ಬಿಡಬೇಡ, ತಾನಾಗಿ ಬಿಡ್ತಾನೆ" ಎಂದು ಹೇಳಿ ಕಳಿಸಿದೆವು. ಅವರು ಹಾಗೆಯೇ ಮಾಡಿದರು. ಮಾರನೇ ದಿನ ಅವನ ಕೈಕಾಲು ನಡುಗಿತು. ರಾತ್ರಿ ಫಿಟ್ಸ್ ಬಂತು. ಮೂರನೇ ದಿನ ಗೋಡೆ ಮೇಲೆ ಹಾವು ಹರಿಯುತ್ತಿದೆ ಎಂದು ಕೂಗಾಡಿದ. ಮನೆಯವರು ಗಾಳಿ ಹಿಡಿದಿದೆ ಎಂದು ತಾಯಿತ ಕಟ್ಟಿಸಿದರು. ಎಸ್ಟೇಟಿನ ಜೀಪು ಸಿಕ್ಕಿ ದೊಡ್ಡ ಆಸ್ಪತ್ರೆ ಮುಟ್ಟಿದ್ದರಿಂದ ಜೀವ ಉಳಿಯಿತು. ಡಾಕ್ಟರು ನಮ್ಮನ್ನು ಪಕ್ಕಕ್ಕೆ ಕರೆದು, "ಸಿಸ್ಟರ್, ಇಷ್ಟು ಕುಡಿಯೋರಿಗೆ ಒಂದೇ ಸಲ ನಿಲ್ಲಿಸಿದ್ರೆ ಪ್ರಾಣ ಹೋಗಬಹುದು, ಗೊತ್ತಿಲ್ವಾ?" ಎಂದು ಕೇಳಿದರು.

ಸಮಾಜಕಾರ್ಯ ಓದಿದ್ದೆವು, ಆದರೂ ಅಂದು ನಮ್ಮ ಸಲಹೆಯಲ್ಲಿ ಆ ಎಚ್ಚರ ಇರಲಿಲ್ಲ. ನಮ್ಮ ಸಲಹೆಯಿಂದ ಇನ್ನೊಂದು ಮನೆಗೆ ಹಾಗಾಗಬಾರದು. ಆದ್ದರಿಂದ ಈ ಬರಹದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಿ: ದಿನಾ ಹೆಚ್ಚು ಕುಡಿಯುವವರು ಡಾಕ್ಟರ ಸಹಾಯವಿಲ್ಲದೆ ತಟ್ಟನೆ ಬಿಡುವುದು ಅಪಾಯ. ಕೂಡಿ ಹಾಕಿ ಬಿಡಿಸುವುದು ಇನ್ನೂ ದೊಡ್ಡ ಅಪಾಯ.

ಕುಡಿತ ಯಾವಾಗ ಕಾಯಿಲೆ ಆಗುತ್ತದೆ?

ಕುಡಿಯುವವರೆಲ್ಲ ರೋಗಿಗಳಲ್ಲ. ಆದರೆ ಕೆಳಗಿನ ಲಕ್ಷಣಗಳಲ್ಲಿ ಮೂರೋ ನಾಲ್ಕೋ ಒಟ್ಟಿಗೆ ಕಂಡರೆ ಅದು ಬರೀ ಕೆಟ್ಟ ಅಭ್ಯಾಸವಾಗಿ ಉಳಿದಿಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ ಆಗಿದೆ ಎಂದು ತಿಳಿಯಿರಿ.

• ಕುಡಿಯಲೇಬೇಕು ಎಂಬ ತಡೆಯಲಾಗದ ಆಸೆ.
• "ಒಂದೇ ಕ್ವಾರ್ಟರ್" ಎಂದು ಹೋದವರು ಅಷ್ಟಕ್ಕೆ ನಿಲ್ಲಿಸಲಾಗದಿರುವುದು.
• ಮೊದಲು ಸಾಕಾಗುತ್ತಿದ್ದಷ್ಟು ಈಗ ಸಾಲದೆ, ಅಳತೆ ಏರುತ್ತಾ ಹೋಗುವುದು.
• ಕುಡಿಯದಿದ್ದರೆ ಕೈ ನಡುಗುವುದು, ಬೆವರುವುದು, ನಿದ್ದೆ ಬಾರದಿರುವುದು. ನಡುಕ ನಿಲ್ಲಿಸಲು ಬೆಳಿಗ್ಗೆಯೇ ಕುಡಿಯುವುದು.
• ಕೆಲಸ, ಮಕ್ಕಳು, ಹಬ್ಬ ಹರಿದಿನ ಎಲ್ಲಕ್ಕಿಂತ ಕುಡಿತವೇ ಮುಂದಾಗುವುದು.
• ಹೊಟ್ಟೆ ಊದಿದರೂ, ಕಾಮಾಲೆ ಬಂದರೂ, ಡಾಕ್ಟರು ಎಚ್ಚರಿಸಿದರೂ ಬಿಡಲಾಗದಿರುವುದು.

ಇಂಥ ಮನುಷ್ಯ ಮಗುವಿನ ತಲೆ ಮುಟ್ಟಿ ಆಣೆ ಮಾಡುವಾಗ ಸುಳ್ಳು ಹೇಳಬೇಕೆಂದೇ ಹೇಳುವುದಿಲ್ಲ. ಆ ಹೊತ್ತಿಗೆ ಅವನ ಮಾತು ನಿಜವೇ. ಆದರೆ ವರ್ಷಗಟ್ಟಲೆ ಕುಡಿದು ಮೆದುಳಿನ ಕೆಲಸವೇ ಬದಲಾಗಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಆಣೆ ಹಾಕಿಸಿದರೆ ಸಕ್ಕರೆ ಇಳಿಯುತ್ತದೆಯೇ? ಇದೂ ಹಾಗೆಯೇ.

ನಿಮ್ಮ ಮನೆಯಲ್ಲಿ ಮಾತ್ರ ಹೀಗೆ ಎಂದು ಕುಗ್ಗಬೇಡಿ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ. ಅವರಲ್ಲಿ ಸುಮಾರು 5.7 ಕೋಟಿ ಜನರಿಗೆ ಕುಡಿತದ ತೊಂದರೆಗಾಗಿ ಸಹಾಯ ಬೇಕಾಗಿದೆ. ಆದರೆ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಕರ್ನಾಟಕದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಂತಾಗ ಇನ್ನು ನಮ್ಮ ಕಷ್ಟ ಮುಗಿಯಿತು ಎಂದು ಎಷ್ಟೋ ಹೆಂಗಸರು ಸಂತೋಷಪಟ್ಟಿದ್ದರು. ಸಾರಾಯಿ ಹೋಯಿತು, ಕಾಯಿಲೆ ಹೋಗಲಿಲ್ಲ. ಏಕೆಂದರೆ ಕಾಯಿಲೆಗೆ ಚಿಕಿತ್ಸೆ ಆಗಲಿಲ್ಲ.

ಚಿಕಿತ್ಸೆ ಎಂದರೆ ಮೂರು ಹಂತ

ಹೆಚ್ಚಿನವರು ಗೊಂದಲಪಡುವುದು ಇಲ್ಲಿಯೇ. "ಹತ್ತು ದಿನ ಆಸ್ಪತ್ರೆಲಿದ್ದು ಬಂದ್ರು, ಆದ್ರೂ ಮತ್ತೆ ಶುರು ಮಾಡಿದ್ರು, ಚಿಕಿತ್ಸೆ ಪ್ರಯೋಜನ ಇಲ್ಲ ಸಿಸ್ಟರ್" ಎನ್ನುತ್ತಾರೆ. ಕೇಳಿ ನೋಡಿದರೆ ಅವರಿಗೆ ಆಗಿರುವುದು ಮೊದಲನೇ ಹಂತ ಮಾತ್ರ.

ಸಂಘದ ಲೆಕ್ಕದಲ್ಲೇ ಹೇಳುವುದಾದರೆ, ಮೊದಲನೇ ಕಂತು ಕಟ್ಟಿದ ಕೂಡಲೇ ಸಾಲ ತೀರಿದಂತಲ್ಲ. ಮೊದಲ ಕಂತು ಕಟ್ಟದಿದ್ದರೆ ಮುಂದಿನದೂ ಇಲ್ಲ. ಹಾಗೆಯೇ ಈ ಚಿಕಿತ್ಸೆಯಲ್ಲಿಯೂ ಮೂರು ಹಂತ:

1. ದೇಹದಿಂದ ಮದ್ಯವನ್ನು ಸುರಕ್ಷಿತವಾಗಿ ಬಿಡಿಸುವುದು. ಇದಕ್ಕೆ ಡೀಟಾಕ್ಸ್ ಎನ್ನುತ್ತಾರೆ.
2. ಮನಸ್ಸನ್ನೂ ಬದುಕನ್ನೂ ಮತ್ತೆ ಕಟ್ಟುವುದು. ಔಷಧಿ, ಆಪ್ತಸಲಹೆ, ಪುನರ್ವಸತಿ ಇದರಲ್ಲಿ ಬರುತ್ತವೆ.
3. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೆನ್ನು ಹಿಡಿದು ನೋಡಿಕೊಳ್ಳುವುದು. ಇದಕ್ಕೆ ಫಾಲೋಅಪ್ ಎನ್ನುತ್ತಾರೆ.

ಮೊದಲನೇ ಹಂತ: ಡೀಟಾಕ್ಸ್

ದಿನಾ ಕುಡಿದು ಕುಡಿದು ನರಮಂಡಲ ಮದ್ಯಕ್ಕೆ ಒಗ್ಗಿಕೊಂಡಿರುತ್ತದೆ. ಒಮ್ಮೆಲೇ ಅದು ಸಿಗದಿದ್ದಾಗ ನರಗಳು ಕೆರಳುತ್ತವೆ. ಕೊನೆಯ ಸಲ ಕುಡಿದು ಆರೆಂಟು ಗಂಟೆ ಆಗುವಷ್ಟರಲ್ಲಿ ಕೈ ನಡುಕ, ಬೆವರು, ವಾಕರಿಕೆ, ಎದೆ ಬಡಿತ, ಚಡಪಡಿಕೆ ಶುರುವಾಗಬಹುದು. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ ಬರುತ್ತದೆ. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿದಂತೆ ಆಗುತ್ತದೆ. ಎಲ್ಲಿದ್ದೇನೆ ಎಂದು ತಿಳಿಯುವುದಿಲ್ಲ, ಇಲ್ಲದ ಹುಳ, ಹಾವು, ಜನ ಕಾಣುತ್ತಾರೆ, ಜ್ವರ ಏರುತ್ತದೆ. ಇದು ಗಾಳಿಯೂ ಅಲ್ಲ, ಮಾಟವೂ ಅಲ್ಲ. ತಕ್ಷಣ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. 108ಕ್ಕೆ ಫೋನ್ ಮಾಡಿ.

ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ಇಡುವುದು, ನೀರು ಹಾಕುವುದು ಯಾವುದೂ ಬೇಡ. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ತಲೆಯ ಅಡಿಗೆ ಬಟ್ಟೆ ಇಡಿ, ಹತ್ತಿರ ಇರುವ ಕಲ್ಲು, ಕತ್ತಿ, ಒಲೆ ದೂರ ಮಾಡಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ? ನರಗಳನ್ನು ಶಾಂತಗೊಳಿಸುವ ಮಾತ್ರೆಯನ್ನು ಮೊದಲು ಹೆಚ್ಚು ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತಾ ನಿಲ್ಲಿಸುತ್ತಾರೆ. ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವ ಕೊಡುತ್ತಾರೆ. ಊಟ ಬಿಟ್ಟು ಕುಡಿಯುವವರಲ್ಲಿ ಇದು ಬರಿದಾಗಿ, ಜ್ಞಾಪಕಶಕ್ತಿ ಶಾಶ್ವತವಾಗಿ ಹೋಗುವುದುಂಟು. ನಮ್ಮಲ್ಲಿ ಸುಸ್ತಾದ ಕೂಡಲೇ "ಒಂದು ಗ್ಲೂಕೋಸ್ ಹಾಕ್ಸಿ" ಎನ್ನುವ ರೂಢಿ ಇದೆ. ಹೆಚ್ಚು ಕುಡಿಯುವವರಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸುವುದು ಒಳ್ಳೆಯದಲ್ಲ. ಆದ್ದರಿಂದ ಯಾವ ಡಾಕ್ಟರ ಬಳಿ ಹೋದರೂ "ಇವರು ದಿನಾ ಇಷ್ಟು ಕುಡೀತಾರೆ, ಕೊನೆ ಸಲ ಕುಡಿದಿದ್ದು ಇಷ್ಟು ಹೊತ್ತಿಗೆ" ಎಂದು ನಾಚಿಕೆ ಬಿಟ್ಟು ಹೇಳಿ. ಬೇರೆ ಕಾಯಿಲೆಗೆ ಆಪರೇಷನ್ ಇದ್ದರೂ ಇದನ್ನು ಹೇಳಲೇಬೇಕು.

ಡೀಟಾಕ್ಸ್ ಸಾಮಾನ್ಯವಾಗಿ ಐದರಿಂದ ಹತ್ತು ದಿನ. ಎಲ್ಲರೂ ಆಸ್ಪತ್ರೆಗೆ ಸೇರಲೇಬೇಕೆಂದಿಲ್ಲ. ತೊಂದರೆ ಕಡಿಮೆ ಇದ್ದು, ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ ಡಾಕ್ಟರು ಮಾತ್ರೆ ಬರೆದುಕೊಟ್ಟು, ಆಗಾಗ ಕರೆಸಿಕೊಂಡು ನೋಡುವುದುಂಟು. ಆದರೆ ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಬಂದವರು, ಲಿವರ್, ಹೃದಯದ ತೊಂದರೆ ಇರುವವರು, ವಯಸ್ಸಾದವರು, ಗರ್ಭಿಣಿಯರು, ಸಾಯುತ್ತೇನೆ ಎನ್ನುವವರು ಆಸ್ಪತ್ರೆಯಲ್ಲೇ ಇರಬೇಕು. ಆ ಮಾತ್ರೆಯನ್ನು ಪಕ್ಕದ ಮನೆಯವರ ಚೀಟಿ ನೋಡಿ ತಂದು ಕೊಡಬೇಡಿ. ಮದ್ಯದ ಜೊತೆ ಸೇರಿದರೆ ಉಸಿರು ನಿಲ್ಲಬಹುದು. ಆ ಮಾತ್ರೆಗೇ ಇನ್ನೊಂದು ಚಟವೂ ಆಗಬಹುದು.

ಎರಡನೇ ಹಂತ: ಮನಸ್ಸು ಮತ್ತು ಬದುಕು

ಹತ್ತು ದಿನ ಆದ ಮೇಲೆ ಕೈ ನಡುಗುವುದಿಲ್ಲ, ಮುಖ ತಿಳಿಯಾಗುತ್ತದೆ, ಊಟ ಸೇರುತ್ತದೆ. ಮನೆಯವರು "ಸರಿ ಹೋದ್ರು" ಎಂದು ಕರೆದುಕೊಂಡು ಬರುತ್ತಾರೆ. ಶನಿವಾರ ಬಟವಾಡೆ ಆಗುತ್ತದೆ, ಅದೇ ಗೆಳೆಯರು, ಅದೇ ದಾರಿ, ಅದೇ ಅಂಗಡಿ. ದೇಹದಿಂದ ಮದ್ಯ ಹೋಗಿದೆ, ಆಸೆ ಹೋಗಿಲ್ಲ. ಆಸೆಯನ್ನು ಎದುರಿಸಲು ಕಲಿಸುವುದೇ ಎರಡನೇ ಹಂತ.

ಆಪ್ತಸಲಹೆ: ಯಾವ ಹೊತ್ತಿಗೆ, ಯಾರ ಜೊತೆ, ಯಾವ ಬೇಸರದಲ್ಲಿ ಕುಡಿಯಬೇಕೆನಿಸುತ್ತದೆ, ಆಗ ಏನು ಮಾಡಬೇಕು ಎಂಬುದನ್ನು ಕೂರಿಸಿ ಮಾತನಾಡಿಸಿ ಕಲಿಸುತ್ತಾರೆ. ಗುಂಪಿನಲ್ಲಿಯೂ ನಡೆಯುತ್ತದೆ. ಹೆಂಡತಿ, ತಾಯಿಯನ್ನೂ ಕರೆಯುತ್ತಾರೆ. ದಯವಿಟ್ಟು ಹೋಗಿ. "ಕುಡಿಯೋರು ಅವ್ರು, ನಾನ್ಯಾಕೆ?" ಎನ್ನಬೇಡಿ.

ಔಷಧಿ: ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಮಾತ್ರೆಗಳಿವೆ. ಡೈಸಲ್ಫಿರಾಂ ಎಂಬುದು ಬೇರೆ ರೀತಿಯದು. ಅದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು ಬಹಳ ಕಷ್ಟವಾಗುತ್ತದೆ. ಆ ಹೆದರಿಕೆಯೇ ಅವನನ್ನು ತಡೆಯುತ್ತದೆ. ಯಾರಿಗೆ ಯಾವುದು ಎಂದು ಲಿವರ್, ಕಿಡ್ನಿ, ಹೃದಯ ಪರೀಕ್ಷಿಸಿ ಡಾಕ್ಟರೇ ತೀರ್ಮಾನಿಸಬೇಕು.

ಪುನರ್ವಸತಿ ಕೇಂದ್ರ: ಮನೆಯ ವಾತಾವರಣದಿಂದ ದೂರ ಇಟ್ಟು, ದಿನಚರಿ, ಕೆಲಸ, ವ್ಯಾಯಾಮ, ಆಪ್ತಸಲಹೆ, ಗುಂಪು ಚರ್ಚೆ ನಡೆಸುವ ಸ್ಥಳ. ಸಾಮಾನ್ಯವಾಗಿ ಒಂದು ತಿಂಗಳು, ಕೆಲವರಿಗೆ ಮೂರು ತಿಂಗಳು. ಇದು ಶಿಕ್ಷೆಯ ಜಾಗ ಅಲ್ಲ. "ಇನ್ನೊಂದ್ಸಲ ಕುಡಿದ್ರೆ ಅಲ್ಲಿಗೆ ಹಾಕಿಸ್ತೀನಿ" ಎಂದು ಹೆದರಿಸಲು ಅದನ್ನು ಬಳಸಬೇಡಿ. ಹೆದರಿ ಹೋದವರು ಕಲಿಯುವುದು ಕಡಿಮೆ.

ಊಟದಲ್ಲಿ ಬೆರೆಸುವ ಪುಡಿ – ಬೇಡವೇ ಬೇಡ

"ಅವರಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕೊಡಿ, ವಾರದಲ್ಲಿ ಕುಡಿತ ಬಿಡುತ್ತಾರೆ" ಎಂಬ ಜಾಹೀರಾತು ನೀವೂ ನೋಡಿರುತ್ತೀರಿ. ನಮ್ಮ ಸಂಘಗಳಲ್ಲೇ ಇದಕ್ಕೆ ಹಣ ಕಳೆದುಕೊಂಡವರಿದ್ದಾರೆ. ಆ ಪುಡಿಯಲ್ಲಿ ಏನಿದೆ ಎಂದು ಕೊಂಡವರಿಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಂನಂಥ ಔಷಧಿ ಅದರಲ್ಲಿದ್ದರೆ, ಅದು ಹೊಟ್ಟೆಯಲ್ಲಿರುವುದು ತಿಳಿಯದೆ ಮನುಷ್ಯ ಎಂದಿನಂತೆ ಕುಡಿಯುತ್ತಾನೆ. ರಕ್ತದೊತ್ತಡ ಕುಸಿದು, ಹೃದಯಕ್ಕೆ ತೊಂದರೆಯಾಗಿ ಸಾಯಲೂಬಹುದು. ಈ ಔಷಧಿ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಇದರ ಪರಿಣಾಮ ಉಳಿಯಬಹುದು. ಅವರ ಒಪ್ಪಿಗೆ ಇಲ್ಲದೆ, ತಿಳಿಸದೆ ಇದನ್ನು ಕೊಡಲೇಬಾರದು. ಪ್ರೀತಿಯಿಂದ ಮಾಡಿದ ಕೆಲಸ ಜೈಲಿಗೆ ಕರೆದುಕೊಂಡು ಹೋಗಬಾರದು ನೋಡಿ.

ಎಲ್ಲಿಗೆ ಹೋಗಬಹುದು?

ದೂರದ ದುಬಾರಿ ಜಾಗದಿಂದ ಶುರು ಮಾಡಬೇಡಿ. ಹತ್ತಿರದಿಂದ ಶುರು ಮಾಡಿ.

ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆ: ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಗೊತ್ತಾದ ದಿನಗಳಲ್ಲಿ ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ಸಂಘದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ಮನೋವೈದ್ಯರ ಹತ್ತಿರ ಹೋದರೆ ಹುಚ್ಚು ಎಂದಲ್ಲ, ಈ ಕಾಯಿಲೆಯ ಡಾಕ್ಟರು ಅವರೇ.

ದೊಡ್ಡ ಆಸ್ಪತ್ರೆಗಳು: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮನೋರೋಗ ವಿಭಾಗಗಳಲ್ಲಿಯೂ ಡೀಟಾಕ್ಸ್ ಮಾಡುತ್ತಾರೆ. ಬಿಪಿಎಲ್ ಕಾರ್ಡು, ಆಧಾರ್, ಹಳೆಯ ಚೀಟಿಗಳನ್ನು ಜೊತೆಗಿಟ್ಟುಕೊಳ್ಳಿ. ರಿಯಾಯಿತಿ ಏನಿದೆ ಎಂದು ಅಲ್ಲಿನ ಸಮಾಜಕಾರ್ಯಕರ್ತರನ್ನು ಕೇಳಿ.

ಸರ್ಕಾರದ ಅನುದಾನ ಪಡೆಯುವ ಕೇಂದ್ರಗಳು: ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಸ್ವಯಂಸೇವಾ ಸಂಸ್ಥೆಗಳ ಮೂಲಕ ವ್ಯಸನಿಗಳ ಸಮಗ್ರ ಪುನರ್ವಸತಿ ಕೇಂದ್ರಗಳನ್ನು ನಡೆಸುತ್ತಿದೆ. ನಿಮ್ಮ ಹತ್ತಿರದ ಕೇಂದ್ರ ಯಾವುದೆಂದು 14446ಕ್ಕೆ ಫೋನ್ ಮಾಡಿ ಕೇಳಬಹುದು. ಇದು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ, ಖರ್ಚಿಲ್ಲ. ಮನಸ್ಸಿನ ಯಾವುದೇ ತೊಂದರೆಗೆ, ನಿಮಗೇ ತಡೆಯಲಾಗದಷ್ಟು ದುಃಖವಾದಾಗಲೂ, 2022ರಲ್ಲಿ ಶುರುವಾದ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತನಾಡುತ್ತಾರೆ.

ಮದ್ಯವರ್ಜನ ಶಿಬಿರ: ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಎಂಟು ದಿನದ ಶಿಬಿರಗಳು ನಿಮಗೆಲ್ಲ ಗೊತ್ತು. ಊರಿನವರು ಒಟ್ಟಿಗೆ ನಿಲ್ಲುವುದು, ಆಮೇಲೆ ಬಿಟ್ಟವರೆಲ್ಲ ನವಜೀವನ ಸಮಿತಿಯಲ್ಲಿ ಸೇರುತ್ತಿರುವುದು ಇದರ ಬಲ. ಆದರೆ ಯಾವುದೇ ಶಿಬಿರವಿರಲಿ, ಹಿಂದೆ ಫಿಟ್ಸ್ ಬಂದವರು, ಬೆಳಿಗ್ಗೆಯಿಂದಲೇ ಕುಡಿಯುವವರು ಮೊದಲು ಡಾಕ್ಟರಿಗೆ ತೋರಿಸಿ, ಅವರ ಸಲಹೆ ಪಡೆದೇ ಸೇರಬೇಕು.

ಎ.ಎ. ಸಭೆಗಳು: ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಈ ಕೂಟ 1935ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಕಟ್ಟಿದವರಿಬ್ಬರೂ ಕುಡಿತಕ್ಕೆ ಸಿಕ್ಕಿ ಎದ್ದವರೇ, ಒಬ್ಬರು ಡಾಕ್ಟರು. ಬಿಟ್ಟವರು, ಬಿಡಬೇಕೆನ್ನುವವರು ಒಟ್ಟಿಗೆ ಕುಳಿತು ತಮ್ಮ ಕಥೆ ಹೇಳಿಕೊಳ್ಳುತ್ತಾರೆ. ಫೀಸಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ, ಜಾತಿ ಮತ ಕೇಳುವುದಿಲ್ಲ. ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟವಿದೆ. ಇದು ಡೀಟಾಕ್ಸ್‌ಗೆ ಬದಲಿ ಅಲ್ಲ, ಅದರ ನಂತರದ ದಾರಿಗೆ ಊರುಗೋಲು.

ಖಾಸಗಿ ಕೇಂದ್ರ – ಹಣ ಕಟ್ಟುವ ಮುಂಚೆ ಕೇಳಿ

ಒಳ್ಳೆಯ ಖಾಸಗಿ ಕೇಂದ್ರಗಳಿವೆ. ಆದರೆ ಮನೆ ಬಾಡಿಗೆಗೆ ಹಿಡಿದು, ಬಾಗಿಲಿಗೆ ಬೀಗ ಹಾಕಿ, ಡಾಕ್ಟರೇ ಇಲ್ಲದೆ ನಡೆಸುವವರೂ ಇದ್ದಾರೆ. ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ 2017 ವ್ಯಸನದ ಕಾಯಿಲೆಗೂ ಅನ್ವಯಿಸುತ್ತದೆ. ಆ ಕಾನೂನಿನಂತೆ ಇಂಥ ರೋಗಿಗಳನ್ನು ಇರಿಸಿಕೊಳ್ಳುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ಸರಪಳಿ ಹಾಕುವುದನ್ನು ಯಾವ ರೂಪದಲ್ಲಿಯೂ ಒಪ್ಪಿಲ್ಲ. ಹೊಡೆಯುವುದು, ಅವಮಾನಿಸುವುದು ಅಪರಾಧ. ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

1. ನೋಂದಣಿ ಪತ್ರ ಇದೆಯೇ? ತೋರಿಸುತ್ತೀರಾ?
2. ಡಾಕ್ಟರು ಯಾರು, ಯಾವಾಗ ಬರುತ್ತಾರೆ? ರಾತ್ರಿ ಫಿಟ್ಸ್ ಬಂದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ?
3. ಡೀಟಾಕ್ಸ್ ಇಲ್ಲೇ ಮಾಡುತ್ತೀರಾ, ಆಸ್ಪತ್ರೆಯಲ್ಲಿ ಮಾಡಿಸಿ ಬರಬೇಕೇ?
4. ಮಲಗುವ ಜಾಗ, ಅಡುಗೆಮನೆ, ಶೌಚಾಲಯ ನೋಡಬಹುದೇ?
5. ಮನೆಯವರು ಯಾವಾಗ ಬಂದು ನೋಡಬಹುದು, ಫೋನ್ ಮಾಡಬಹುದು?
6. ಒಟ್ಟು ಖರ್ಚೆಷ್ಟು? ಔಷಧಿ, ಪರೀಕ್ಷೆ ಸೇರಿದೆಯೇ? ರಸೀದಿ ಕೊಡುತ್ತೀರಾ? ಮಧ್ಯೆ ಬಂದರೆ ಹಣ ವಾಪಸು ಉಂಟೇ?
7. ಮನೆಗೆ ಬಂದ ಮೇಲೆ ಫಾಲೋಅಪ್ ಹೇಗೆ?

ನೋಡಲು ಬಿಡುವುದಿಲ್ಲ, ರಸೀದಿ ಇಲ್ಲ, "ನೂರಕ್ಕೆ ನೂರು ಗ್ಯಾರಂಟಿ" ಎಂದರೆ ಎದ್ದು ಬನ್ನಿ. ಈ ಕಾಯಿಲೆಗೆ ಯಾರೂ ಗ್ಯಾರಂಟಿ ಕೊಡಲಾರರು. ಕೆಲವರು ವ್ಯಾನು ತಂದು ನಿದ್ದೆಯಲ್ಲಿರುವವರನ್ನು ಎತ್ತಿಕೊಂಡು ಹೋಗುತ್ತೇವೆ ಎನ್ನುತ್ತಾರೆ. ಒಪ್ಪಬೇಡಿ. ಕಾಯಿಲೆ ತೀವ್ರವಾಗಿ, ತನಗೋ ಬೇರೆಯವರಿಗೋ ಅಪಾಯ ಆಗುವಂತಿದ್ದರೆ ಮನೆಯವರ ಕೋರಿಕೆಯ ಮೇಲೆ ಸೇರಿಸಿಕೊಳ್ಳಲು ಕಾನೂನಿನಲ್ಲಿ ದಾರಿಯಿದೆ. ಆದರೆ ಅದಕ್ಕೆ ತಜ್ಞರ ಪರೀಕ್ಷೆ ಆಗಬೇಕು, ಮೊದಲಿಗೆ 30 ದಿನ ಮೀರಬಾರದು.

"ಅವರು ಬರೋದೇ ಇಲ್ಲ ಸಿಸ್ಟರ್!"

ಇದು ಎಲ್ಲರ ಮಾತು. ಕುಡಿದು ಬಂದಾಗ ಜಗಳ ತೆಗೆಯಬೇಡಿ, ಆಗ ಹೇಳಿದ್ದು ತಲೆಗೆ ಹೋಗುವುದಿಲ್ಲ. ಬೆಳಿಗ್ಗೆ ಅಮಲಿಲ್ಲದಾಗ, ಇಲ್ಲವೇ ಏನಾದರೂ ಪೆಟ್ಟು ಬಿದ್ದು ಅವರಿಗೇ ಬೇಸರವಾದಾಗ ಮಾತನಾಡಿ. "ನೀವು ಕೆಟ್ಟೋರು" ಎನ್ನುವ ಬದಲು, "ನಿನ್ನೆ ರಾತ್ರಿ ಮಗಳು ಹೆದರಿ ಪಕ್ಕದ್ಮನೇಲಿ ಮಲಗಿದ್ಲು" ಎಂದು ನಡೆದದ್ದನ್ನು ಹೇಳಿ. "ಹೊಟ್ಟೆನೋವಿಗೆ ತೋರಿಸಿ ಬರೋಣ" ಎಂದರೆ ಬರುವವರಿದ್ದಾರೆ. ಅಲ್ಲಿಂದ ಡಾಕ್ಟರು ಮುಂದುವರಿಸುತ್ತಾರೆ. ಅವರು ಬಾರದಿದ್ದರೂ ನೀವೊಬ್ಬರೇ ಹೋಗಿ ಸಲಹೆ ಕೇಳಬಹುದು.

ಅವರ ಕುಡಿತದ ಸಾಲವನ್ನು ನೀವು ತೀರಿಸುವುದು, ಕೆಲಸಕ್ಕೆ ಹೋಗದ ದಿನ "ಜ್ವರ" ಎಂದು ಮೇಸ್ತ್ರಿಗೆ ಸುಳ್ಳು ಹೇಳುವುದು ನಿಲ್ಲಿಸಿ. ಅದರ ಬಿಸಿ ಅವರಿಗೇ ತಟ್ಟಲಿ.

ಹೊಡೆತವನ್ನು ಮಾತ್ರ ಸಹಿಸಬೇಡಿ. ಕಾಯಿಲೆ ಎಂದ ಮಾತ್ರಕ್ಕೆ ಹೊಡೆಯಲು ಪರವಾನಗಿ ಇಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕೌಟುಂಬಿಕ ಹಿಂಸೆಯಿಂದ ರಕ್ಷಣೆಗೆ 2005ರ ಕಾಯಿದೆ ಇದೆ.

ಇನ್ನೊಂದು ಮಾತು. ಕುಡಿಯುವ ಹೆಂಗಸರೂ ನಮ್ಮ ನಡುವೆ ಇದ್ದಾರೆ. ಗಂಡಸು ಕುಡಿದರೆ ಅಯ್ಯೋ ಪಾಪ, ಹೆಂಗಸು ಕುಡಿದರೆ ಛೀ ಥೂ ಎನ್ನುತ್ತೇವೆ. ಅದಕ್ಕೇ ಅವರು ಚಿಕಿತ್ಸೆಗೆ ಬರುವುದಿಲ್ಲ. ಅವರಿಗೂ ಇದೇ ಕಾಯಿಲೆ, ಇದೇ ಚಿಕಿತ್ಸೆ. ಗಾಂಜಾ, ಮಾತ್ರೆ, ವೈಟ್ನರ್‌ಗೆ ಬಿದ್ದ ಹುಡುಗರನ್ನೂ ಇದೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಔಷಧಿ ಬೇರೆ, ದಾರಿ ಒಂದೇ.

ಮೂರನೇ ಹಂತ: ಮನೆಗೆ ಬಂದ ಮೇಲೆ

ಬಿಟ್ಟವರಲ್ಲಿ ಅನೇಕರು ಮತ್ತೆ ಒಮ್ಮೆಯಾದರೂ ಕುಡಿಯುತ್ತಾರೆ, ಅದರಲ್ಲೂ ಮೊದಲ ಕೆಲವು ತಿಂಗಳಲ್ಲಿ. ಇದು ಚಿಕಿತ್ಸೆ ಸೋತದ್ದಲ್ಲ. ಕಂತು ಒಂದು ತಪ್ಪಿದರೆ ಸಂಘ ಅವರನ್ನು ಕರೆದು ಮಾತನಾಡಿ ಮುಂದಿನ ಕಂತು ಕಟ್ಟಿಸುವುದಿಲ್ಲವೇ? ಹಾಗೆ, ಒಂದು ದಿನ ಜಾರಿದರೆ ಮಾರನೇ ದಿನವೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ. "ಆಯ್ತು, ನಿನ್ನ ಹಣೆಬರಹ" ಎಂದು ಬಿಟ್ಟರೆ ಒಂದು ದಿನದ ಕುಡಿತ ಆರು ತಿಂಗಳಾಗುತ್ತದೆ.

ಫಾಲೋಅಪ್ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಾತ್ರೆ ತಪ್ಪಿಸಬೇಡಿ. ಮೊದಲ ತಿಂಗಳುಗಳಲ್ಲಿ ಬಟವಾಡೆಯ ದಿನ, ಮದುವೆ, ಜಾತ್ರೆ, ಸಾವಿನ ಮನೆ ಕಷ್ಟದ ಜಾಗಗಳು. ಜೊತೆಗೆ ಯಾರಾದರೂ ಇರಲಿ. ಕೈಯಲ್ಲಿ ಹೆಚ್ಚು ಹಣ ಬೇಡ, ಅದನ್ನು ಅವರೊಂದಿಗೇ ಮಾತನಾಡಿ ಒಪ್ಪಿಸಿ. ಹಳೆಯದನ್ನು ದಿನಾ ಎತ್ತಿ ಆಡಬೇಡಿ. ಮನೆಯ ಒಂದು ಜವಾಬ್ದಾರಿಯನ್ನು ಮತ್ತೆ ಅವರ ಕೈಗೆ ಕೊಡಿ.

ಸಂಘ ಏನು ಮಾಡಬಹುದು?

ಮೊದಲಲ್ಲಿ ಹೇಳಿದ ಆ ತಾಯಿಗೆ ಸಂಘ ಅಂದು 20,000 ಕೊಡಲಿಲ್ಲ. ಬೇಡ ಎಂದೂ ಹೇಳಲಿಲ್ಲ. 3,000 ರೂಪಾಯಿ ಕೊಟ್ಟು, "ಮೊದಲು ಜಿಲ್ಲಾ ಆಸ್ಪತ್ರೆಗೆ ತೋರ್ಸಿ, ಡಾಕ್ಟರು ಏನಂತಾರೋ ನೋಡಿ ಮುಂದಿನದು ಯೋಚ್ನೆ ಮಾಡೋಣ" ಎಂದು ನಿರ್ಣಯ ಬರೆದರು. ಸದಸ್ಯೆಯೊಬ್ಬರ ಗಂಡ, ತಾನೇ ಬಿಟ್ಟು ಕೆಲವು ವರ್ಷಗಳಾದವರು, ಜೊತೆಗೆ ಹೋಗಲು ಒಪ್ಪಿದರು. ಅವರ ಮಾತಿಗೇ ಆ ಯಜಮಾನರು ಬಸ್ ಹತ್ತಿದ್ದು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಬಂದ ಮೇಲೆ ಒಂದು ಸಲ ಜಾರಿದರು, ಮತ್ತೆ ಹೋದರು. ಈಗಲೂ ಮಾತ್ರೆ ನುಂಗುತ್ತಿದ್ದಾರೆ. ಮುಂದೆ ಹೇಗೋ ನಾವು ಹೇಳಲಾರೆವು. ಆದರೆ ಆ ಮನೆಯ ಮಕ್ಕಳು ಈಗ ರಾತ್ರಿ ತಮ್ಮ ಮನೆಯಲ್ಲೇ ಮಲಗುತ್ತಿದ್ದಾರೆ. 17,000 ರೂಪಾಯಿಯ ಸಾಲ ಹೆಗಲಿಗೆ ಬಿದ್ದಿಲ್ಲ.

ನಾಲ್ಕು ಪ್ರಶ್ನೆ ಕೇಳಿದ ಸಂಘ ಆ ತಾಯಿಗೆ ಮಾಡಿದ ಉಪಕಾರ ಸಣ್ಣದಲ್ಲ. ಪ್ರಶ್ನೆ ಕೇಳಿ, ಜೊತೆಗೂ ನಿಲ್ಲಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

• ನಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ? ಯಾರು ಕೇಳಿಕೊಂಡು ಬರುತ್ತಾರೆ?
• ನಮ್ಮ ಊರಿನಲ್ಲಿ ಕುಡಿತ ಬಿಟ್ಟವರು ಯಾರಿದ್ದಾರೆ? ಇನ್ನೊಬ್ಬರ ಜೊತೆ ಆಸ್ಪತ್ರೆಗೆ ಹೋಗಲು ಅವರು ಒಪ್ಪುತ್ತಾರೆಯೇ?
• ಚಿಕಿತ್ಸೆಗೆ ಸಾಲ ಕೊಡುವ ಮುಂಚೆ ಸಂಘ ಯಾವ ಪ್ರಶ್ನೆಗಳನ್ನು ಕೇಳಬೇಕು?
• ಬಿಟ್ಟಾಗ ನಡುಕ, ಫಿಟ್ಸ್, ಸನ್ನಿ ಬಂದರೆ ಏನು ಮಾಡಬೇಕು? ಒಬ್ಬೊಬ್ಬರೂ ಬಾಯಿಬಿಟ್ಟು ಹೇಳಿ.